ಮರಳಿ ಊರಿಗೆ: ತಿರುವನಂತಪುರದಿಂದ ತಲಪಾಡಿಯವರೆಗೆ

ಕುಂಬಳೆಯ ಬಳಿಯ ಅನಂತಪುರದ ಸರೋವರ ಕ್ಷೇತ್ರವನ್ನು ಕಂಡವರಿಗೆ ಅಲ್ಲಿಯ ಗುಹೆಯ ಕಥೆಯೂ ತಿಳಿದಿರುತ್ತದೆ. ತಪೋನಿರತನಾದ ಬಿಲ್ವಮಂಗಲ ಸ್ವಾಮಿಯನ್ನು ತುಂಟಾಟದಿಂದ ಕಾಡಿದ ಬಾಲಕನೊಬ್ಬನು, ಮುನಿಯು ಸಿಟ್ಟಿಗೆದ್ದಾಗ, ತನ್ನನ್ನು ಕಾಣಬೇಕಾದರೆ ಅನಂತನ ಕಾಡಿಗೆ ಬರಬೇಕೆಂದು ಹೇಳಿ ಆ ಗುಹೆಯನ್ನು ಹೊಕ್ಕು ಮಾಯವಾದನೆಂದೂ, ಮುನಿಯು ಅವನನ್ನು ಅರಸುತ್ತ ದಕ್ಷಿಣಕ್ಕೆ ಸಾಗಿ ಇಂದಿನ ತಿರುವನಂತಪುರದಲ್ಲಿ ಅನಂತಶಯನನ ದರ್ಶನ ಪಡೆದನೆಂದೂ ಸ್ಥಳಪುರಾಣವು ಹೇಳುತ್ತದೆ. ಐನೂರೈವತ್ತು ಕಿಲೋಮೀಟರಿಗೂ ಮಿಕ್ಕಿದ ದಾರಿಯು ಆ ಬಾಲಕನಿಗೆ ಕ್ಷಣಮಾತ್ರದ್ದಾಯಿತು. ಹಿಂದಿರುಗಿ ಬರುವ ಪ್ರಮೇಯವಂತೂ ಪುರಾಣದಲ್ಲಿ ಇಲ್ಲವೇ ಇಲ್ಲ.

ನಮ್ಮ ವಾಚಕರ ಪಾಡು ಹಾಗಲ್ಲ. ಹೋಟೆಲಿನ ಗಲ್ಲಾದಲ್ಲಿ ಕುಳಿತವರಿಗೂ, ಒಲೆಯ ಮುಂದೆ ನಿಂತವರಿಗೂ, ಕಚೇರಿಯ ಕಡತದ ನಡುವೆ ದಿನಗಳೆಯುವವರಿಗೂ ವರ್ಷಕ್ಕೊಮ್ಮೆ ದೊರೆಯುವ ರಜೆಯು ಹದಿನೈದು ದಿನ, ಹೆಚ್ಚೆಂದರೆ ಇಪ್ಪತ್ತು. ಅದರಲ್ಲಿ ಒಂದು ಮದುವೆ, ಒಂದು ಉಪನಯನ, ನಾಗನಿಗೊಂದು ತಂಬಿಲ, ಮನೆಯ ಮಾಡು ಸರಿಪಡಿಸುವ ಕೆಲಸ. ಇಷ್ಟೆಲ್ಲ ಮುಗಿದ ಮೇಲೆ ಉಳಿದ ಒಂದು ವಾರದಲ್ಲಿ, “ಮಕ್ಕಳಿಗೆ ಒಮ್ಮೆ ಕೇರಳ ತೋರಿಸೋಣ” ಎಂಬ ಮಾತು ಈಚಿನ ವರ್ಷಗಳಲ್ಲಿ ಕರಾವಳಿಯ ಮನೆಮನೆಗಳಲ್ಲಿಯೂ ಕೇಳಿಬರುತ್ತಿದೆ. ಹಿಂದೆ ಇಂತಹ ಯಾತ್ರೆಗೆ ರೈಲೇ ಗತಿಯಾಗಿತ್ತು. ಈಗ ಏಳೆಂಟು ಜನ ಕೂಡಿ ಬಾಡಿಗೆಗೆ ಒಂದು ಕಾರನ್ನು ಗೊತ್ತುಮಾಡಿದರೆ ಗುರುವಾಯೂರು, ಕೊಚ್ಚಿ, ಆಲಪ್ಪುಳ, ಕೋವಳಂ ಎಲ್ಲವೂ ಆಗುತ್ತವೆ. ಹೋಗುವಾಗ ಎಲ್ಲರಿಗೂ ಉತ್ಸಾಹ. ಎಲ್ಲಿ ನಿಂತರೂ ಎಳನೀರು, ಎಲ್ಲಿ ಇಳಿದರೂ ಭಾವಚಿತ್ರ. ಕಷ್ಟವೆಲ್ಲ ಹಿಂದಿರುಗುವ ದಾರಿಗೆ ಉಳಿಯುತ್ತದೆ. ಕೈಯಲ್ಲಿದ್ದ ಹಣ ಖರ್ಚಾಗಿರುತ್ತದೆ, ರಜೆಯೂ ತೀರಿರುತ್ತದೆ. ಚಾಲಕನ ನಿದ್ದೆಯೂ ತೀರಿಹೋಗಿರುತ್ತದೆ ಎಂಬುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವವರು ಕಡಮೆ.

೨೦೨೫ನೆಯ ಇಸವಿಯ ಮೇ ತಿಂಗಳಲ್ಲಿ ನಾವು ಇಂತಹ ಒಂದು ಯಾತ್ರೆಯಲ್ಲಿ ಇದ್ದೆವು. ಮುಂಬಯಿಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿರುವ ನಮ್ಮ ಭಾವನವರು, ಅಲ್ಲಿಯೇ ಹೋಟೆಲೊಂದರಲ್ಲಿ ಅಡಿಗೆಯವರಾಗಿರುವ ಅವರ ಅಣ್ಣ, ಇಬ್ಬರ ತಾಯಿ, ನಮ್ಮ ಅಕ್ಕ, ಇಬ್ಬರು ಮಕ್ಕಳು, ನಾವು. ಕುಂದಾಪುರದಿಂದ ಹಳದಿ ಫಲಕದ ಒಂದು ಇನೋವಾ ಕಾರು. ಚಾಲಕನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ೧೮ರ ಭಾನುವಾರ ಹೊರಟು, ೨೫ರ ಭಾನುವಾರ ತಿರುವನಂತಪುರದಿಂದ ಮರಳುವುದೆಂದು ಗೊತ್ತಾಗಿತ್ತು. ೨೭ರ ಮಂಗಳವಾರ ಕುಂದಾಪುರದಿಂದ ಮತ್ಸ್ಯಗಂಧ ರೈಲಿಗೆ ಅಣ್ಣತಮ್ಮಂದಿರ ಟಿಕೇಟುಗಳಿದ್ದುವು. ಮುಂಗಡ ಕಾದಿರಿಸುವ ಅವಧಿಯನ್ನು ೨೦೨೪ರ ನವೆಂಬರದಿಂದ ನೂರಿಪ್ಪತ್ತು ದಿನಗಳಿಂದ ಅರುವತ್ತಕ್ಕೆ ಇಳಿಸಿದ ಮೇಲೆ ಮೇ ಕೊನೆಯ ವಾರದ ಟಿಕೇಟು ಹೇಗೆ ದೊರೆಯುತ್ತದೆಂಬುದನ್ನು ನಮ್ಮ ವಾಚಕರಿಗೆ ನಾವು ತಿಳಿಸಬೇಕಾಗಿಲ್ಲ. ಆ ರೈಲು ತಪ್ಪಿದರೆ ಗುಮಾಸ್ತರಿಗೆ ಸಂಬಳ ಕಡಿತ. ಅಡಿಗೆಯವರಿಗೆ ಅದಕ್ಕಿಂತಲೂ ದೊಡ್ಡ ಚಿಂತೆ. ಬದಲಿಗೆ ನಿಂತವನ ಕೈರುಚಿ ಯಜಮಾನರಿಗೆ ಹಿಡಿಸಿಬಿಟ್ಟರೆ ಏನು ಗತಿ?

ತಿರುವನಂತಪುರದಲ್ಲಿ ನಮ್ಮವರಿಗೆ ಹೆಚ್ಚು ಹೊಸತೆನಿಸುವುದಿಲ್ಲ. ಪದ್ಮನಾಭಸ್ವಾಮಿಯ ಪೂಜೆಗೆ ನಿಲ್ಲುವ ನಂಬಿಗಳು ಚಂದ್ರಗಿರಿ ಹೊಳೆಯ ಆಚೀಚಿನ ತುಳು ಬ್ರಾಹ್ಮಣ ಮನೆತನಗಳಿಂದ ಬರುವುದು ಹಳೆಯ ಸಂಪ್ರದಾಯ. ಶತಮಾನಗಳಿಂದ ಈ ದಾರಿಯಲ್ಲಿ ಉದ್ಯೋಗಕ್ಕಾಗಿ ನಡೆದುಹೋದವರಲ್ಲಿ ಅವರೇ ಮೊದಲಿಗರಿರಬೇಕು. ಹೋಟೆಲಿನವರು ಆಮೇಲೆ ಬಂದರು. ಬೆಳಗಿನ ದರ್ಶನಕ್ಕೆ ಗಂಡಸರೆಲ್ಲ ಪಂಚೆಯುಟ್ಟು ಬರಿಮೈಯಲ್ಲಿ ಸಾಲಿನಲ್ಲಿ ನಿಂತಿದ್ದಾಗ ಹೊರಗೆ ಮಳೆ ಸುರಿಯುತ್ತಲೇ ಇದ್ದಿತು.

ಆ ಮಳೆಯು ಎಂದಿನ ಮಳೆಯಾಗಿರಲಿಲ್ಲ. ವಾಡಿಕೆಯಂತೆ ಜೂನ್ ೧ರ ಸುಮಾರಿಗೆ ಕೇರಳವನ್ನು ಮುಟ್ಟಬೇಕಾದ ಮುಂಗಾರು ಆ ವರ್ಷ ಮೇ ೨೪ರಂದೇ ಬಂದಿಳಿಯಿತು. ೨೦೦೯ರಲ್ಲಿ ಮೇ ೨೩ರಂದು ಬಂದುದನ್ನು ಬಿಟ್ಟರೆ ನಡುವಿನ ವರ್ಷಗಳಲ್ಲಿ ಇಷ್ಟು ಬೇಗ ಬಂದುದಿಲ್ಲ. ಬೇಸಿಗೆಯ ರಜೆಯಲ್ಲಿ ಹೊರಟಿದ್ದ ಸಾವಿರಾರು ಕುಟುಂಬಗಳು ಹೀಗೆ ಒಮ್ಮೆಲೇ ಮಳೆಗಾಲದ ದಾರಿಯ ಪಾಲಾದುವು. ವಿಳಿಂಞಂ ಬಂದರಿನಿಂದ ಕೊಚ್ಚಿಗೆ ಹೊರಟಿದ್ದ ‘ಎಂ.ಎಸ್.ಸಿ. ಎಲ್ಸಾ ೩’ ಎಂಬ ಸರಕಿನ ಹಡಗು ೨೪ರಂದು ವಾಲಿ, ೨೫ರ ಬೆಳಿಗ್ಗೆ ಕೊಚ್ಚಿಯ ಆಚೆ ಕಡಲಿನಲ್ಲಿ ಮುಳುಗಿತು. ನಾವಿಕರು ಇಪ್ಪತ್ತನಾಲ್ವರೂ ಬದುಕಿದರೆಂಬುದೊಂದು ಸಮಾಧಾನ. ತೀರಕ್ಕೆ ತೇಲಿಬರುವ ಪೆಟ್ಟಿಗೆಗಳನ್ನು ಯಾರೂ ಮುಟ್ಟಬಾರದೆಂದು ಅಧಿಕಾರಿಗಳು ಸಾರುತ್ತಿದ್ದರು. ದಾರಿಯುದ್ದಕ್ಕೂ ಚಹಾದ ಅಂಗಡಿಗಳಲ್ಲಿ ಅದೇ ಮಾತು.

ಕೇರಳದ ಹೆದ್ದಾರಿಯ ವಿಷಯ ಒಂದೆರಡು ಮಾತು ಹೇಳಬೇಕು. ಪನ್ವೇಲಿನಿಂದ ಕನ್ಯಾಕುಮಾರಿಯವರೆಗೆ ಕಡಲಿನ ಅಂಚಿನಲ್ಲಿ ಸಾಗುವ ರಸ್ತೆಗೆ ಈಗ ೬೬ನೆಯ ರಾಷ್ಟ್ರೀಯ ಹೆದ್ದಾರಿಯೆಂದು ಹೆಸರು. ೨೦೧೦ರ ಮೊದಲು ಎಡಪ್ಪಳ್ಳಿಯವರೆಗಿನ ಭಾಗವು ೧೭, ಅಲ್ಲಿಂದ ದಕ್ಷಿಣದ ಭಾಗವು ೪೭ ಆಗಿದ್ದಿತು; ಹಳಬರು ಈಗಲೂ ಹಾಗೆಯೇ ಕರೆಯುತ್ತಾರೆ. ಬಹುಕಾಲ ಎರಡು ಸಾಲಿನ ರಸ್ತೆಯಾಗಿಯೇ ಉಳಿದಿದ್ದ ಇದನ್ನು ಆರು ಸಾಲಿಗೆ ಅಗಲಗೊಳಿಸುವ ಕೆಲಸವು ಒಂದೇ ಕಾಲದಲ್ಲಿ, ರಾಜ್ಯದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಹಲವಾರು ತುಂಡುಗಳಾಗಿ ನಡೆದಿದ್ದಿತು. ಕೆಲವು ತುಂಡು ಕನ್ನಡಿಯಂತೆ. ಕೆಲವು ತುಂಡು ಕೆಸರುಗದ್ದೆಯಂತೆ. ಒಂದರಿಂದ ಇನ್ನೊಂದಕ್ಕೆ ದಾಟುವಲ್ಲಿ ವೇಗವನ್ನು ತಗ್ಗಿಸಲು ಚಾಲಕನಿಗೆ ಸಿಗುವುದು ಎರಡೋ ಮೂರೋ ಕ್ಷಣಗಳು. ಮಳೆಯಲ್ಲಿ ಅದೂ ಇಲ್ಲ. ಹಗಲಿನಲ್ಲಿ ಕಾಣುವ ಪ್ಲಾಸ್ಟಿಕ್ ತಡೆಗಳು ರಾತ್ರಿ ಎದುರಿನ ಲಾರಿಯ ಬೆಳಕಿನಲ್ಲಿ ಕರಗಿಹೋಗುತ್ತವೆ.

ಹತ್ತು ಗಂಟೆಗೆ ತಿರುವನಂತಪುರವನ್ನು ಬಿಟ್ಟೆವು. ಕೊಲ್ಲದಲ್ಲಿ ೨೦೧೯ರಲ್ಲಿ ತೆರೆದ ಹದಿಮೂರು ಕಿಲೋಮೀಟರಿನ ಹೊರವರ್ತುಲ ರಸ್ತೆಯು ಅಷ್ಟಮುಡಿ ಸರೋವರದ ಮೇಲೆ ಸಾಗುತ್ತದೆ. ಮಕ್ಕಳು ಅಲ್ಲಿ ಮಾತ್ರ ಕಿಟಕಿಯಿಂದ ಹೊರಗೆ ನೋಡಿದರು. ಅಲ್ಲಿಂದ ಮುಂದೆ ಕರುನಾಗಪ್ಪಳ್ಳಿ, ಕಾಯಂಕುಳಂ, ಹರಿಪ್ಪಾಡು ಎಂದು ಊರುಗಳ ಹೆಸರು ಬದಲಾದರೂ ಕಾರು ಬದಲಾಯಿಸಿದ್ದು ಒಂದನೆಯ ಗೇರಿನಿಂದ ಎರಡನೆಯದಕ್ಕೆ, ಮತ್ತೆ ಒಂದನೆಯದಕ್ಕೆ. ಸಂಜೆ ಐದರ ಹೊತ್ತಿಗೆ ಆಲಪ್ಪುಳದ ಕಳರ್ಕೋಡನ್ನು ಮುಟ್ಟಿದೆವು.

ಕಳರ್ಕೋಡೆಂದರೆ ಆಲಪ್ಪುಳದ ಹೊರದಾರಿಯು ಹೊರಡುವ ಸ್ಥಳ. ಕಡಲತೀರದ ಮೇಲೆ ಎತ್ತರದಲ್ಲಿ ಸಾಗುವ ಆ ದಾರಿಯು ಹಲವು ದಶಕಗಳ ಕಾಯುವಿಕೆಯ ನಂತರ ೨೦೨೧ರ ಜನವರಿಯಲ್ಲಿ ತೆರೆಯಿತು. ಆದರೆ ಆ ಹೆಸರನ್ನು ಕೇಳಿದೊಡನೆ ನಮ್ಮ ಚಾಲಕನು ಬೇರೊಂದನ್ನು ನೆನೆದನು. ೨೦೨೪ರ ಡಿಸೆಂಬರ್ ೨ರ ರಾತ್ರಿ, ಇಂತಹುದೇ ಮಳೆಯಲ್ಲಿ, ಆಲಪ್ಪುಳದ ವೈದ್ಯಕೀಯ ಕಾಲೇಜಿನ ಹನ್ನೊಂದು ಮಂದಿ ವಿದ್ಯಾರ್ಥಿಗಳನ್ನು ಹೊತ್ತ ಒಂದು ಕಾರು ಅಲ್ಲಿ ಜಾರಿ ಎದುರಿನಿಂದ ಬಂದ ಸರ್ಕಾರಿ ಬಸ್ಸಿಗೆ ಬಡಿಯಿತು. ಆರು ಮಂದಿ ತರುಣರು ತೀರಿಹೋದರು. ಕಾರು ಖಾಸಗಿಯಾಗಿದ್ದು, ಬಾಡಿಗೆಗೆ ಕೊಟ್ಟುದಾಗಿತ್ತೆಂಬುದು ಆಮೇಲೆ ದೊಡ್ಡ ಚರ್ಚೆಗೆ ಕಾರಣವಾಯಿತು.

ಇದನ್ನು ನಮ್ಮವರು ಗಮನಿಸಬೇಕು. ಊರಿನಲ್ಲಿ, “ಪರಿಚಯದವರ ಕಾರು ಇದೆ, ಪೆಟ್ರೋಲು ಹಾಕಿ ಏನಾದರೂ ಕೊಟ್ಟರೆ ಸಾಕು” ಎಂದು ಬಿಳಿ ಫಲಕದ ವಾಹನಗಳನ್ನು ಬಾಡಿಗೆಗೆ ಒಯ್ಯುವುದು ರೂಢಿಯಾಗಿದೆ. ಟ್ಯಾಕ್ಸಿಗಿಂತ ಅಗ್ಗವೆಂಬುದು ನಿಜ. ಆದರೆ ಸ್ವಂತ ಉಪಯೋಗಕ್ಕೆಂದು ವಿಮೆ ಮಾಡಿಸಿದ ವಾಹನವನ್ನು ಬಾಡಿಗೆಗೆ ಓಡಿಸಿದಾಗ ಏನಾದರೂ ಸಂಭವಿಸಿದರೆ ವಿಮಾ ಕಂಪೆನಿಯು ಪರಿಹಾರವನ್ನು ನಿರಾಕರಿಸಲು ಅದೊಂದೇ ಕಾರಣ ಸಾಕಾಗುತ್ತದೆ. ದುಡಿಯುವ ಒಬ್ಬನೇ ಮಗನಿರುವ ಮನೆಗೆ ಉಳಿತಾಯವಾದ ಎರಡು ಸಾವಿರ ರೂಪಾಯಿ ಆಗ ಯಾವ ಲೆಕ್ಕಕ್ಕೆ ಬಂದೀತು?

ತುರವೂರಿನಿಂದ ಅರೂರಿನವರೆಗಿನ ಹನ್ನೆರಡು ಮುಕ್ಕಾಲು ಕಿಲೋಮೀಟರನ್ನು ನಾವು ಬೇಗನೆ ಮರೆಯಲಾರೆವು. ಅಲ್ಲಿ ರಸ್ತೆಯ ನಟ್ಟನಡುವೆ ಒಂದೊಂದೇ ಕಂಬವನ್ನು ನಿಲ್ಲಿಸಿ, ಮೇಲೆ ಆರು ಸಾಲಿನ ಸೇತುವೆಯನ್ನು ಕಟ್ಟುವ ಕೆಲಸ ನಡೆಯುತ್ತಿದ್ದಿತು. ಕೆಳಗಿನ ರಸ್ತೆಯಲ್ಲಿ ಉಳಿದ ಇಕ್ಕಟ್ಟಿನ ಜಾಗದಲ್ಲಿ ಬಸ್ಸು, ಲಾರಿ, ಮೀನಿನ ಗಾಡಿ, ವಿಮಾನ ನಿಲ್ದಾಣಕ್ಕೆ ಅವಸರದಲ್ಲಿ ಹೊರಟ ಟ್ಯಾಕ್ಸಿಗಳು, ಎಲ್ಲವೂ ನೀರಿನಲ್ಲಿ ನಿಂತಿದ್ದುವು. ಗುಂಡಿ ಎಲ್ಲಿದೆ, ರಸ್ತೆ ಎಲ್ಲಿದೆ ಎಂದು ತಿಳಿಯದೆ ದ್ವಿಚಕ್ರದವರು ಕಾಲಿಳಿಸಿ ನೀರಿನ ಆಳವನ್ನು ನೋಡುತ್ತಿದ್ದರು. ಅಷ್ಟು ದೂರವನ್ನು ದಾಟಲು ನಮಗೆ ಎರಡು ಗಂಟೆ ಹಿಡಿಯಿತು. ಹಿರಿಯ ಹೆಂಗಸರಿಗೆ ಶೌಚದ ಅನುಕೂಲವಿಲ್ಲ, ಮಕ್ಕಳಿಗೆ ವಾಂತಿ, ಕಾರಿನೊಳಗೆ ಒದ್ದೆ ಬಟ್ಟೆಯ ವಾಸನೆ. ಅಂದ ಹಾಗೆ, ನಮ್ಮ ಪ್ರವಾಸ ಸಾಹಿತ್ಯದಲ್ಲಿ ಶೌಚಾಲಯದ ಪ್ರಸ್ತಾಪವೇ ಬಾರದಿರುವುದು ನಮಗೆ ಸೋಜಿಗವೆನಿಸುತ್ತದೆ. ಬರೆದವರೆಲ್ಲ ಗಂಡಸರಾಗಿದ್ದುದೇ ಕಾರಣವಿರಬೇಕು.

ಎರ್ನಾಕುಳಂ ಸೇರುವಾಗ ರಾತ್ರಿ ಒಂಬತ್ತೂವರೆ. ಬೆಳಗ್ಗೆ ಹಾಕಿಕೊಂಡ ಲೆಕ್ಕದ ಪ್ರಕಾರ ಅಲ್ಲಿ ಊಟ ಮಾಡಿ, ರಾತ್ರಿಯಿಡೀ ಸಾಗಿ, ಬೆಳಗ್ಗೆ ಮಂಗಳೂರಿನಲ್ಲಿ ಕಾಫಿ ಕುಡಿಯಬೇಕಾಗಿತ್ತು. ಊಟಕ್ಕೆ ಹೋದ ಸಸ್ಯಾಹಾರದ ಹೋಟೆಲು ಕುಂದಾಪುರದ ಕಡೆಯವರದು. ಗಲ್ಲಾದಲ್ಲಿದ್ದ ಹಿರಿಯರು ನಮ್ಮ ಮಾತು ಕೇಳಿದೊಡನೆ ಎದ್ದುಬಂದರು. ಯಾವ ಊರು, ಯಾರ ಮನೆ, ಯಾವ ಬೈಲು ಎಂಬ ವಿಚಾರಣೆಯೆಲ್ಲ ಮುಗಿದ ಮೇಲೆ, ಮುಂದಿನ ಹಾದಿಯ ಮಾತು ಬಂತು.

“ಎಂತ ಮಾರಾಯ್ರೆ, ಈ ಮಳಿಯಂಗೆ ರಾತ್ರಿ ಹೋಪ್ದಾ? ಮಕ್ಕಳ್ ಮರಿ ಕಟ್ಕಂಡ್? ಇಲ್ಲೇ ಉಳ್ಕಣಿ” ಎಂದರು ಅವರು.

ಭಾವನವರು ರೈಲಿನ ಮಾತೆತ್ತಿದರು. ಹಿರಿಯರು ಏನೂ ಹೇಳದೆ ಚಾಲಕನತ್ತ ನೋಡಿದರು. ಅವನು ಮೂಲೆಯ ಮೇಜಿನಲ್ಲಿ ಒಬ್ಬನೇ ಕುಳಿತು ಉಣ್ಣುತ್ತಿದ್ದನು; ತುತ್ತು ಬಾಯಿಗೆ ಹೋಗುವ ಮುನ್ನವೇ ಕಣ್ಣು ಮುಚ್ಚುತ್ತಿದ್ದಿತು. ಅವನನ್ನು ಕೇಳಿದರೆ, “ಏನೂ ತೊಂದರೆಯಿಲ್ಲ, ಹೋಗುವ” ಎಂದೇ ಹೇಳಿದನು. ನಿದ್ದೆ ಬಂದರೆ ಹಸಿಮೆಣಸು ಕಚ್ಚುವುದು, ಕಣ್ಣಿನ ಕೆಳಗೆ ಅಮೃತಾಂಜನ ಸವರುವುದು ಅವನ ಅಭ್ಯಾಸವಂತೆ. ನಮ್ಮನ್ನು ಕರೆದುಕೊಂಡು ಹೊರಡುವ ಹಿಂದಿನ ರಾತ್ರಿ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಹೋಗಿ ಬಂದವನು, ಎರಡೇ ಗಂಟೆ ಮಲಗಿ ನಮ್ಮ ಬಾಡಿಗೆಗೆ ಬಂದಿದ್ದನೆಂಬುದು ಆಗಲೇ ನಮಗೆ ತಿಳಿದದ್ದು. ಕಾರಿನ ಸಾಲದ ಕಂತು ತಿಂಗಳ ಐದನೆಯ ತಾರೀಖಿಗೆ ತಪ್ಪದೆ ಬರುತ್ತದೆ. ಮಳೆ ಹಿಡಿದ ಮೇಲೆ ಬಾಡಿಗೆ ಇಲ್ಲ. ಮೇ ತಿಂಗಳಲ್ಲಿ ಮಲಗಿದರೆ ಆಗಸ್ಟಿನಲ್ಲಿ ಉಪವಾಸವೆಂಬುದು ಅವನ ಲೆಕ್ಕ.

ಆಗ ಮಾತನಾಡಿದವರು ಭಾವನವರ ತಾಯಿ. ದಿನವಿಡೀ ಒಂದು ಮಾತೂ ಆಡದೆ ಕುಳಿತಿದ್ದ ಅವರು, ಕೋಣೆಯ ಬಾಡಿಗೆಯ ಚರ್ಚೆ ನಡೆಯುತ್ತಿದ್ದಾಗ, “ಆ ಮಾಣಿ ಎಲ್ಲಿ ಮನಿಕಂತ?” ಎಂದು ಕೇಳಿದರು.

ಯಾರಿಂದಲೂ ಉತ್ತರ ಬರಲಿಲ್ಲ. ಹೋಗುವಾಗ ಏಳು ರಾತ್ರಿಯೂ ಅವನು ಕಾರಿನಲ್ಲಿಯೇ, ಮುಂದಿನ ಆಸನವನ್ನು ಹಿಂದಕ್ಕೆ ಬಗ್ಗಿಸಿ, ಸೊಳ್ಳೆಗಳ ನಡುವೆ ಮಲಗಿದ್ದನು. ವಸತಿಗೃಹದವರು ಕೇಳುವುದಿಲ್ಲ, ಪ್ರವಾಸಿಗಳು ಕೇಳುವುದಿಲ್ಲ, ದಿನದ ಭತ್ಯದಲ್ಲಿ ಕೋಣೆ ಹಿಡಿಯಲು ಅವನಿಗೆ ಪೂರೈಸುವುದಿಲ್ಲ. ‘ಮಾಣಿ’ ಎಂಬ ಶಬ್ದವು ಹೋಟೆಲಿನ ಜಗತ್ತಿನಲ್ಲಿ ಏನೆಲ್ಲ ಹೊತ್ತಿದೆಯೆಂಬುದನ್ನು ನಮ್ಮ ವಾಚಕರು ಬಲ್ಲರು. ಕೊನೆಯ ಗಿರಾಕಿ ಹೋದ ಮೇಲೆ ಮೇಜುಗಳನ್ನು ಜೋಡಿಸಿ, ಅದರ ಮೇಲೆ ಗೋಣಿ ಹಾಸಿ ಮಲಗಿ, ನಾಲ್ಕು ಗಂಟೆಗೆ ಹಾಲಿನವನ ಕೂಗಿಗೆ ಎದ್ದು ಬೆಳೆದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಅಡಿಗೆಯ ಅಣ್ಣನವರೇ ಮುಂಬಯಿಯಲ್ಲಿ ಆರು ವರ್ಷ ಹಾಗೆ ಮಲಗಿದವರು. ಅವರು ಎದ್ದುಹೋಗಿ ಮೂರು ಕೋಣೆಗಳನ್ನು ಗೊತ್ತುಮಾಡಿ ಬಂದರು. ಮೂರನೆಯದು ಚಿಕ್ಕದು, ಒಂದೇ ಮಂಚದ್ದು.

ಕೆಲಸದ ಹೊತ್ತಿನ ವಿಷಯದಲ್ಲಿ ನಮ್ಮವರು ಕಾಯಿದೆಯನ್ನು ಚೆನ್ನಾಗಿ ಬಲ್ಲವರು. ಎಂಟು ಗಂಟೆಯ ದುಡಿಮೆಗಾಗಿ ಹೋರಾಡಿದವರೂ ಇದ್ದಾರೆ. ಬಾಡಿಗೆ ವಾಹನಗಳನ್ನು ನಡೆಸುವ ಸಂಸ್ಥೆಗಳ ಚಾಲಕರಿಗೂ ಅಂತಹ ಮಿತಿಯುಂಟು. ೧೯೬೧ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಎಂದು ವಿಧಿಸಿತ್ತು. ಐದು ಗಂಟೆಯ ಕೆಲಸವಾದ ಮೇಲೆ ಅರ್ಧ ಗಂಟೆಯಾದರೂ ವಿಶ್ರಾಂತಿ ಸಿಗಬೇಕೆಂದಿತ್ತು. ೨೦೨೫ರ ನವೆಂಬರದಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಆ ಕಾಯಿದೆಯು ಲೀನವಾದರೂ ಎಂಟು ಗಂಟೆಯ ಮಿತಿ ಉಳಿದುಕೊಂಡಿದೆ. ತನ್ನದೇ ಕಾರನ್ನು ಸಾಲ ಮಾಡಿ ಕೊಂಡು ಓಡಿಸುವವನ ಹೊತ್ತನ್ನು ಮಾತ್ರ ಯಾರೂ ಅಳೆಯುವುದಿಲ್ಲ. ಅವನಿಗೆ ಯಜಮಾನನೆಂದರೆ ಬ್ಯಾಂಕು, ಒಂದು ವಾರದ ಮಟ್ಟಿಗೆ ಹಿಂದಿನ ಆಸನದಲ್ಲಿ ಕುಳಿತ ನಾವು.

ನಿದ್ದೆಯ ಲೆಕ್ಕವು ಬಹಳ ಸರಳ. ಗಂಟೆಗೆ ಅರುವತ್ತು ಕಿಲೋಮೀಟರು ಓಡುವ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು ಹದಿನೇಳು ಮೀಟರು ಮುಂದೆ ಹೋಗುತ್ತದೆ. ದಣಿದ ಮನುಷ್ಯನಿಗೆ ಮೂರು ಸೆಕೆಂಡು ತೂಕಡಿಕೆ ಬಂದರೆ ಐವತ್ತು ಮೀಟರು ದಾರಿಯನ್ನು ಯಾರೂ ನಡೆಸಿರುವುದಿಲ್ಲ. ಬೆಳಗಿನ ಜಾವ ಎರಡರಿಂದ ಐದರವರೆಗೆ ದೇಹವು ತಾನಾಗಿಯೇ ನಿದ್ದೆಯನ್ನು ಬೇಡುತ್ತದೆ. ಹಸಿಮೆಣಸಿಗೆ ಅದು ಸೋಲುವುದಿಲ್ಲ. ಇದೇ ಹೆದ್ದಾರಿಯ ನಾಟಿಕದಲ್ಲಿ ೨೦೨೪ರ ನವೆಂಬರ್ ೨೬ರ ಬೆಳಗಿನ ಜಾವ ರಸ್ತೆಬದಿಯಲ್ಲಿ ಮಲಗಿದ್ದ ಅಲೆಮಾರಿ ಕುಟುಂಬಗಳ ಮೇಲೆ ಲಾರಿಯೊಂದು ಹರಿದು ಐವರು ಸತ್ತರು. ಅಲ್ಲಿ ಪರವಾನಗಿಯಿಲ್ಲದ ಕ್ಲೀನರನು ಕುಡಿದು ನಡೆಸುತ್ತಿದ್ದನು. ಆದರೆ ಆ ಹೊತ್ತಿನಲ್ಲಿ ಎದುರಿನಿಂದ ಬರುವ ಲಾರಿಯನ್ನು ಯಾರು, ಯಾವ ಸ್ಥಿತಿಯಲ್ಲಿ ನಡೆಸುತ್ತಿದ್ದಾರೆಂದು ನಮಗೆ ತಿಳಿಯುವುದು ಹೇಗೆ?

ಸೋಮವಾರ ಬೆಳಗ್ಗೆ ಆರಕ್ಕೆ ಹೊರಟೆವು. ಎಡಪ್ಪಳ್ಳಿಯಿಂದ ವಡಕ್ಕನ್ ಪರವೂರು, ಮೂತಕುನ್ನಂ, ಕೊಡುಂಗಲ್ಲೂರು. ಈ ಭಾಗವೆಲ್ಲ ನೀರಿನ ಸೀಮೆ. ಪೆರಿಯಾರ್ ನದಿಯು ಹತ್ತಾರು ಕವಲುಗಳಾಗಿ ಕಡಲನ್ನು ಸೇರುತ್ತದೆ. ೨೦೨೩ರ ಅಕ್ಟೋಬರ್ ೧ರ ನಡುರಾತ್ರಿ ಕೊಚ್ಚಿಯಿಂದ ಕೊಡುಂಗಲ್ಲೂರಿಗೆ ಮರಳುತ್ತಿದ್ದ ಐವರ ಕಾರೊಂದು ಮಳೆಯಲ್ಲಿ ದಾರಿತಪ್ಪಿ ಗೋತುರುತ್ತಿನಲ್ಲಿ ನೇರವಾಗಿ ನದಿಗೆ ಇಳಿಯಿತು. ಇಬ್ಬರು ತರುಣ ವೈದ್ಯರು ಮುಳುಗಿದರು. ದೂರವಾಣಿಯ ನಕ್ಷೆಯನ್ನು ನಂಬಿ ಬಂದುದೇ ಕಾರಣವೆಂದು ಆಗ ಸುದ್ದಿಯಾಯಿತು. ನಮ್ಮ ಕಾಸರಗೋಡಿನ ಪಳ್ಳಂಜಿಯಲ್ಲಿಯೂ ೨೦೨೪ರ ಜೂನ್ ೨೭ರಂದು, ಕರ್ನಾಟಕದ ಆಸ್ಪತ್ರೆಗೆ ಹೊರಟಿದ್ದ ಇಬ್ಬರು ಯುವಕರ ಕಾರು ತುಂಬಿ ಹರಿಯುತ್ತಿದ್ದ ಹೊಳೆಯಲ್ಲಿ ಕೊಚ್ಚಿಹೋಯಿತು. ಅವರು ಮರವೊಂದನ್ನು ಹಿಡಿದು ನಿಂತು ಬದುಕಿದರು. ನಕ್ಷೆಗೆ ದಾರಿ ಗೊತ್ತು, ನೀರು ಗೊತ್ತಿಲ್ಲ. ಮುಳುಗು ಸೇತುವೆಯ ಮೇಲೆ ನೀರೆಷ್ಟಿದೆಯೆಂದು ತಿಳಿಯಲು ಅಲ್ಲಿಯ ರಿಕ್ಷಾದವನನ್ನು ಕೇಳಬೇಕು. ಮಲಯಾಳವು ಬಾರದಿದ್ದರೂ ಚಿಂತೆಯಿಲ್ಲ, ‘ವೆಳ್ಳಂ’ ಎಂಬ ಒಂದು ಶಬ್ದ ಸಾಕು.

ಚಾವಕ್ಕಾಡು, ಪೊನ್ನಾನಿಗಳನ್ನು ದಾಟಿ ಕುಟ್ಟಿಪ್ಪುರದಲ್ಲಿ ಭಾರತಪ್ಪುಳವನ್ನು ಹಾದೆವು. ೧೯೫೩ರಲ್ಲಿ ಅಲ್ಲಿ ಸೇತುವೆಯಾಗುವವರೆಗೆ ಜನರು ದೋಣಿಯಲ್ಲಿ ದಾಟುತ್ತಿದ್ದರು. ನಾವು ನೋಡುವಾಗ ನದಿಯು ಕೆಂಪಾಗಿ ದಡ ತುಂಬಿತ್ತು.

ಕೂರಿಯಾಡಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಹೋಗುವಾಗ, ೧೮ರ ಸಂಜೆ, ಮಲಪ್ಪುರಂ ಜಿಲ್ಲೆಯ ಆ ಸ್ಥಳದಲ್ಲಿ ಎತ್ತರದ ಮಣ್ಣಿನ ಕಟ್ಟೆಯ ಪಕ್ಕದ ಸೇವಾರಸ್ತೆಯಲ್ಲಿ ನಾವು ಹಾದುಹೋಗಿದ್ದೆವು. ಮರುದಿನ, ೧೯ರ ಮಧ್ಯಾಹ್ನ, ಆ ಕಟ್ಟೆಯ ಒಂದು ದೊಡ್ಡ ಭಾಗವು ಕುಸಿದು ಸೇವಾರಸ್ತೆಯ ಮೇಲೆ ಬಿದ್ದಿತು. ಕೆಳಗೆ ಹೋಗುತ್ತಿದ್ದ ಕಾರುಗಳು ಜಖಂಗೊಂಡುವು. ಪ್ರಾಣಹಾನಿಯಾಗದೆ ಹೋದುದು ದೈವಯೋಗ. ಅಲ್ಲಿ ಹೆದ್ದಾರಿಯು ಗದ್ದೆಬಯಲಿನ ಮೇಲೆ ಹಾದುಹೋಗುತ್ತದೆ. ನೀರು ಹೀರಿದ ಗದ್ದೆಯ ಮಣ್ಣು ಅಷ್ಟು ಎತ್ತರದ ಕಟ್ಟೆಯ ಭಾರವನ್ನು ತಾಳಲಿಲ್ಲವೆಂದು ಪ್ರಾಧಿಕಾರದವರೇ ಆಮೇಲೆ ಒಪ್ಪಿದರು, ಮಣ್ಣಿನ ಕಟ್ಟೆಗೆ ಬದಲಾಗಿ ಕಂಬಗಳ ಮೇಲೆ ಸೇತುವೆ ಕಟ್ಟುವುದೆಂದೂ ನಿರ್ಧಾರವಾಯಿತು. ಬೈಲುಗದ್ದೆಯಲ್ಲಿ ಕಾಲಿಟ್ಟರೆ ಮೊಣಕಾಲವರೆಗೆ ಹೂಳುತ್ತದೆಂಬುದು ನಮ್ಮ ಕಡೆಯ ಯಾವ ಒಕ್ಕಲಮಗನಿಗೂ ಗೊತ್ತು. ಅವನನ್ನು ಕೇಳಿದವರಿಲ್ಲ. ನಾವು ಮರಳುವಾಗ ವಾಹನಗಳನ್ನೆಲ್ಲ ಒಳದಾರಿಗಳಿಗೆ ತಿರುಗಿಸಿದ್ದರು. ಮನೆಗಳ ಅಂಗಳಗಳ ನಡುವೆ ಸಾಗುವ ಕಿರಿದಾದ ಆ ದಾರಿಯಲ್ಲಿ ಬಂಗಾಲದಿಂದ ಬಂದ ಲಾರಿಯೂ ಮುಂಬಯಿಯ ಬಸ್ಸೂ ಮೂಗಿಗೆ ಮೂಗು ತಾಗಿಸಿ ನಿಂತಿದ್ದುವು. ಊರಿನ ಹುಡುಗರು ಕೊಡೆ ಹಿಡಿದು, ಒಂದೊಂದೇ ವಾಹನವನ್ನು ಬಿಡಿಸಿ ಕಳುಹಿಸುತ್ತಿದ್ದರು. ಒಂದು ಮನೆಯವರು ನಮ್ಮ ಮಕ್ಕಳನ್ನು ಕಂಡು ಬಾಳೆಹಣ್ಣು ತಂದುಕೊಟ್ಟರು.

ಕಲ್ಲಿಕೋಟೆಯಲ್ಲಿ ನಾಲ್ಕು ಗಂಟೆ. ವಡಗರದಲ್ಲಿ ಮತ್ತೆ ಕೆಸರು. ಅಳಿಯೂರಿನಿಂದ ಮುಳಪ್ಪಿಲಂಗಾಡಿನವರೆಗಿನ ಹದಿನೆಂಟೂವರೆ ಕಿಲೋಮೀಟರಿನ ಮಾಹೆ–ತಲಚೇರಿ ಹೊರದಾರಿಯು ೨೦೨೪ರ ಮಾರ್ಚಿ ೧೧ರಂದು ತೆರೆದ ಮೇಲೆ ಆ ಎರಡು ಪೇಟೆಗಳ ಇಕ್ಕಟ್ಟು ತಪ್ಪಿದೆ. ಅದರ ಮೊದಲ ಯೋಜನೆ ೧೯೭೭ರದು. ಮಾಹೆಯ ಅಗ್ಗದ ಪೆಟ್ರೋಲಿಗಾಗಿ, ಬೇರೆ ಅಗ್ಗದ ಪದಾರ್ಥಗಳಿಗಾಗಿ ಕೂಡ, ಈಗ ಬೇಕೆಂದೇ ಪೇಟೆಯೊಳಕ್ಕೆ ಇಳಿಯಬೇಕಾಗುತ್ತದೆ, ಕೆಲವರು ಇಳಿಯುತ್ತಾರೆ. ರಾತ್ರಿ ಒಂಬತ್ತೂವರೆಗೆ ಪಯ್ಯನ್ನೂರಿನಲ್ಲಿ ನಿಂತೆವು. ಈ ಸಲ ಚರ್ಚೆ ನಡೆಯಲಿಲ್ಲ. ಮೂರು ಕೋಣೆ.

ಮಂಗಳವಾರ ಬೆಳಗ್ಗೆ ಚೆರುವತ್ತೂರಿನ ಬಳಿ ಗುಡ್ಡವನ್ನು ನೆಟ್ಟಗೆ ಕಡಿದ ಸ್ಥಳದಲ್ಲಿ ಚಾಲಕನು ತಾನಾಗಿಯೇ ವೇಗವನ್ನು ತಗ್ಗಿಸಿ, ಗುಡ್ಡದಿಂದ ದೂರದ ಬದಿಯನ್ನು ಹಿಡಿದನು. ಅಲ್ಲಿಯ ಮಟ್ಟಲಾಯಿಯಲ್ಲಿ ಹದಿನೈದು ದಿನಗಳ ಹಿಂದೆ, ಮೇ ೧೨ರಂದು, ಮಣ್ಣು ಜರಿದು ಬಂಗಾಲದ ವಲಸೆ ಕಾರ್ಮಿಕನೊಬ್ಬನು ಸತ್ತಿದ್ದನು. ಕರಾವಳಿಯ ಮುರಕಲ್ಲಿನ ಗುಡ್ಡದ ಸ್ವಭಾವವೇ ಹೀಗೆ; ಬೇಸಿಗೆಯಲ್ಲಿ ಗೋಡೆಯಂತೆ ನಿಲ್ಲುತ್ತದೆ, ಒಳಗಿನ ಜೇಡಿಮಣ್ಣಿಗೆ ನೀರಿಳಿದ ಮೇಲೆ ಒಮ್ಮೆಲೇ ಜಾರುತ್ತದೆ. ೨೦೨೪ರ ಜುಲೈ ೧೬ರಂದು ಅಂಕೋಲೆಯ ಶಿರೂರಿನಲ್ಲಿ ಇದೇ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ ರಸ್ತೆಬದಿಯಲ್ಲಿ ಚಹಾದಂಗಡಿ ನಡೆಸುತ್ತಿದ್ದ ಕುಟುಂಬವೇ ಅಳಿಸಿಹೋಯಿತು. ಕಲ್ಲಿಕೋಟೆಯ ಕಡೆಯ ಲಾರಿ ಚಾಲಕನೊಬ್ಬನು ತನ್ನ ಲಾರಿಯೊಡನೆ ಗಂಗಾವಳಿ ನದಿಯ ತಳದಲ್ಲಿ ಸಿಕ್ಕಿದ್ದು ಸೆಪ್ಟೆಂಬರ್ ೨೫ರಂದು. ಅಷ್ಟು ದಿನವೂ ಕೇರಳದ ಮನೆಮನೆಯಲ್ಲಿ ಕನ್ನಡನಾಡಿನ ಆ ಊರಿನ ಹೆಸರು ನುಡಿಯಲ್ಪಟ್ಟಿತು. ಪಯ್ಯನ್ನೂರಿನ ವಸತಿಗೃಹದ ಕಾವಲುಗಾರನು ನಾವು ಎಲ್ಲಿಯವರೆಂದು ಕೇಳಿ, ಕುಂದಾಪುರವೆಂದಾಗ, “ಶಿರೂರ್?” ಎಂದೇ ಕೇಳಿದ್ದನು.

ಚಂದ್ರಗಿರಿಯನ್ನು ದಾಟಿದೊಡನೆ ಅಂಗಡಿಗಳ ಮೇಲೆ ಕನ್ನಡದ ಅಕ್ಷರಗಳು ಕಾಣತೊಡಗಿದುವು. ಒಂಬತ್ತು ದಿನಗಳಿಂದ ಫಲಕಗಳನ್ನು ಓದಲಾಗದೆ ಬೇಸತ್ತಿದ್ದ ಹಿರಿಯ ತಾಯಿಯವರು ಒಂದೊಂದನ್ನೇ ಗಟ್ಟಿಯಾಗಿ ಓದುತ್ತ ಹೋದರು: ಔಷಧಾಲಯ, ಬಟ್ಟೆಯಂಗಡಿ, ಸಹಕಾರಿ ಬ್ಯಾಂಕು. ೧೯೫೬ರ ನವೆಂಬರ್ ೧ರಂದು ಈ ನೆಲವು ಕೇರಳಕ್ಕೆ ಸೇರಿದುದನ್ನೂ, ಚಂದ್ರಗಿರಿಯ ಉತ್ತರದ ಭಾಗವನ್ನು ಮೈಸೂರಿಗೆ ಸೇರಿಸಬೇಕೆಂದು ೧೯೬೭ರಲ್ಲಿ ಮಹಾಜನ ಆಯೋಗವು ಹೇಳಿದುದನ್ನೂ ಇಲ್ಲಿ ವಿಸ್ತರಿಸುವುದಿಲ್ಲ. ಚೆಂಗಳದಿಂದ ತಲಪಾಡಿಯವರೆಗಿನ ಮೂವತ್ತೊಂಬತ್ತು ಕಿಲೋಮೀಟರಿನ ಹೊಸ ರಸ್ತೆ ಬಹುಮಟ್ಟಿಗೆ ಮುಗಿದಿದ್ದುದರಿಂದ ಅದೊಂದೇ ಭಾಗದಲ್ಲಿ ಕಾರು ಕಾರಿನಂತೆ ಓಡಿತು.

ಇಂತಹ ಯಾತ್ರೆಗೆ ಹೊರಡುವವರು ಕೆಲವು ಸಂಗತಿಗಳನ್ನು ತಿಳಿದಿರುವುದು ಒಳ್ಳೆಯದು. ಹೆದ್ದಾರಿಯಲ್ಲಿ ಸಹಾಯಕ್ಕೆ ೧೦೩೩, ಪೋಲೀಸರಿಗೂ ಇತರ ತುರ್ತಿಗೂ ೧೧೨, ಅಂಬುಲೆನ್ಸಿಗೆ ೧೦೮. ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಗಳ ಮಿತಿಯಲ್ಲಿ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಹಣ ಕಟ್ಟದೆ ಚಿಕಿತ್ಸೆ ದೊರೆಯುವ ಕೇಂದ್ರ ಸರ್ಕಾರದ ಯೋಜನೆಯು ೨೦೨೫ರ ಮೇ ೫ರಂದು ಜಾರಿಗೆ ಬಂದಿದೆ. ಪರಸ್ಥಳದಲ್ಲಿ ಕೈ ಬರಿದಾದವರಿಗೆ ಇದು ಸಣ್ಣ ಮಾತಲ್ಲ. ಮುದುಕರೂ ಮಕ್ಕಳೂ ಇದ್ದರೆ ಹೋಗುವಾಗ ಕಾರು, ಬರುವಾಗ ರೈಲು ಎಂದು ಮಾಡಿಕೊಳ್ಳಬಹುದು. ಪರಶುರಾಮ, ಮಲಬಾರ್, ಮಾವೇಲಿ ರೈಲುಗಳು ತಿರುವನಂತಪುರದ ಕಡೆಯಿಂದ ಮಂಗಳೂರಿಗೆ ಬರುತ್ತವೆ; ೨೦೨೪ರಿಂದ ವಂದೇ ಭಾರತವೂ ಮಂಗಳೂರಿನವರೆಗೆ ಬರುತ್ತಿದೆ. ಖಾಲಿ ಕಾರನ್ನು ಚಾಲಕನು ತನ್ನ ಹೊತ್ತಿನಲ್ಲಿ, ಮಲಗಿ ಎದ್ದು, ತರುತ್ತಾನೆ. ಬಾಡಿಗೆ ಗೊತ್ತುಮಾಡುವ ದಿನವೇ ಅವನು ಮಲಗುವುದೆಲ್ಲಿ ಎಂಬುದನ್ನೂ ಮಾತನಾಡಿ, ಅದರ ಖರ್ಚನ್ನು ಒಟ್ಟು ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

ಕುಂದಾಪುರವನ್ನು ಸೇರುವಾಗ ಹನ್ನೆರಡೂವರೆ. ಸ್ನಾನ, ಊಟ, ಉಪ್ಪಿನಕಾಯಿಯ ಭರಣಿಯನ್ನು ಬಿಗಿದು ಕಟ್ಟುವುದು, ಎಲ್ಲಕ್ಕೂ ಹೊತ್ತು ಸಿಕ್ಕಿತು. ಅಣ್ಣತಮ್ಮಂದಿರಿಗೆ ರೈಲು ಸಿಕ್ಕಿತು. ಹೊರಡುವ ಮುನ್ನ ಇಬ್ಬರೂ ಜಗಲಿಯಲ್ಲಿ ಕುಳಿತು ಖರ್ಚಿನ ಲೆಕ್ಕ ನೋಡಿದರು. ಎರಡು ರಾತ್ರಿಯ ಹೆಚ್ಚಿನ ವಸತಿಗೆ ಐದು ಸಾವಿರದ ಇನ್ನೂರು. ಅದರಲ್ಲಿ ಚಾಲಕನ ಕೋಣೆಯದು ಸಾವಿರದ ಇನ್ನೂರು. ಸಮವಾಗಿ ಹಂಚಿಕೊಂಡರು. ಚಾಲಕನು ಆ ಹೊತ್ತಿಗೆ ಒಳಜಗಲಿಯ ಚಾಪೆಯ ಮೇಲೆ ಮಲಗಿದ್ದನು. ರೈಲ್ವೆ ಸ್ಟೇಶನ್ನಿಗೆ ಅವರನ್ನು ಬಿಡಲು ಪಕ್ಕದ ಮನೆಯ ರಿಕ್ಷಾ ಬಂತು.